ಗಿಟಾರಿನ ಗೀರುತಟ್ಟೆ

ಗಿಟಾರು ಬಾರಿಸದವರೂ ಅದನ್ನು ನೋಡಿಯಂತೂ ಇರುತ್ತೀರಿ. ಮರದ ಹೊಟ್ಟೆಯ ನಡುವೆ ಒಂದು ದುಂಡನೆಯ ತೂತು. ತೂತಿನ ಮಗ್ಗುಲಲ್ಲಿ, ತಂತಿಗಳ ಕೆಳಬದಿಗೆ, ಹನಿಯ ಆಕಾರದ ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅದರ ಬಗ್ಗೆ ಇವತ್ತಿನ ಬರಹ. ಹೆಚ್ಚಾಗಿ ಕಪ್ಪು, ಇಲ್ಲದಿದ್ದರೆ ಆಮೆಚಿಪ್ಪಿನಂತೆ ಕಂದು-ಹಳದಿ ಮಚ್ಚೆ. ಅಮೆರಿಕದವರು ಅದಕ್ಕೆ ಪಿಕ್‌ಗಾರ್ಡ್ ಅನ್ನುತ್ತಾರೆ, ಇಂಗ್ಲೆಂಡಿನವರು ಸ್ಕ್ರ್ಯಾಚ್‌ಪ್ಲೇಟ್. ನನಗೇನೋ ಎರಡನೆಯ ಹೆಸರೇ ಇಷ್ಟ. ಗೀರುತಟ್ಟೆ! ಮರಕ್ಕೆ ಬೀಳಬೇಕಾದ ಗೀರನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದೇ ಅದರ ಕಸುಬು. ಹಾಗಿರುವಾಗ "ಈ ಗೀರು ತೆಗೆಯೋದು ಹೇಗೆ?" ಅಂತ ಯಾರಾದರೂ ಕೇಳಿದರೆ ಕಾಲೊರಸನ್ನು ಇಸ್ತ್ರಿ ಮಾಡಲು ಹೊರಟ ಹಾಗೆ ಕೇಳಿಸುತ್ತದೆ. ಆದರೆ ಜನ ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದರು. ಉತ್ತರ ಹುಡುಕಲು ಹೋದವನಿಗೆ ಸಿಕ್ಕಿದ್ದು ಸುಮಾರು ನೂರೈವತ್ತು ವರ್ಷದ ಪ್ಲಾಸ್ಟಿಕ್ಕಿನ ಚರಿತ್ರೆ.

ಮೊದಲಿಗೆ, ಎಲ್ಲ ಗಿಟಾರಿಗೂ ಇದು ಇರುವುದಿಲ್ಲ. ಸ್ಪೇನಿನ ಹಳೆಯ ಗಿಟಾರಿಗೆ ಪ್ರಾಣಿಗಳ ಕರುಳಿನ ತಂತಿ, ಮೀಟುವುದು ಬರಿಬೆರಳಲ್ಲಿ. ಮರಕ್ಕೆ ಪೆಟ್ಟು ಬೀಳುವ ಪ್ರಶ್ನೆಯೇ ಇಲ್ಲ. ಇವತ್ತಿನ ಕ್ಲಾಸಿಕಲ್ ಗಿಟಾರುಗಳೂ ಹಾಗೇ, ಮೈ ಪೂರ್ತಿ ಬೋಳು. ಅದೇ ಸ್ಪೇನಿನ ಫ್ಲಮೆಂಕೊ ಕಲಾವಿದರದು ಬೇರೆ ರೀತಿ. ಅವರು ನಡುನಡುವೆ ಉಗುರಿನಿಂದ ಮರದ ಮೇಲೇ ತಾಳ ಕುಟ್ಟುತ್ತಾರೆ. ಅದಕ್ಕಾಗಿ ಅವರ ಗಿಟಾರಿಗೆ 'ಗೋಲ್ಪೆಯದೋರ್' ಅನ್ನುವ ತಟ್ಟೆ ಅಂಟಿಸುತ್ತಾರೆ. ಗೋಲ್ಪೆ ಅಂದರೆ ಹೊಡೆತ.

ನಿಜವಾದ ಗೀರುತಟ್ಟೆಯ ಹಿರಿಯಣ್ಣ ಇರುವುದು ಇಟಲಿಯಲ್ಲಿ, ಮ್ಯಾಂಡೊಲಿನ್ ಮೇಲೆ. ನೇಪಲ್ಸಿನ ಮ್ಯಾಂಡೊಲಿನ್ನಿಗೆ ಲೋಹದ ತಂತಿ, ಬಾರಿಸಲು ಗಟ್ಟಿ ಕಡ್ಡಿ. ಕಡ್ಡಿ ಒಂದೇ ಸಮನೆ ಮೇಲೆ ಕೆಳಗೆ ಓಡುತ್ತಿದ್ದರೆ ಕೆಳಗಿನ ಮೆದು ಮರ ಎಷ್ಟು ದಿನ ತಡೆದೀತು? ತೂತಿಗೂ ಕುದುರೆಗೂ ನಡುವೆ ಆಮೆಚಿಪ್ಪಿನ ತುಂಡೊಂದನ್ನು ಮರದಲ್ಲೇ ಕೂರಿಸುತ್ತಿದ್ದರು. ವಾದ್ಯದ ಮುಖಕ್ಕೆ ಹಾಕುವುದು ಸ್ಪ್ರೂಸ್ ಎಂಬ ಮರ, ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ನಾದ ಹುಟ್ಟಬೇಕಾದರೆ ಅದು ತೆಳುವಾಗಿಯೇ ಇರಬೇಕು. ಉಗುರು ಒತ್ತಿದರೆ ಗುರುತು ಬೀಳುತ್ತದೆ, ಅಷ್ಟು ಮೆದು.

ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಲ್ಲಿ 1902ರಲ್ಲಿ ಗಿಬ್ಸನ್ ಕಂಪನಿ ಶುರುವಾಯಿತು. ಅವರೂ ಮೊದಮೊದಲು ಮ್ಯಾಂಡೊಲಿನ್ನಿಗೇ ಹೆಸರಾದವರು. ಮರಕ್ಕೆ ಅಂಟಿಸದೆ, ಸ್ವಲ್ಪ ಮೇಲಕ್ಕೆ ಸೇತುವೆಯಂತೆ ನಿಲ್ಲುವ ತಟ್ಟೆಯನ್ನು ಅವರು ತಂದರು. ಅಂಥ ಹಳೆಯ ತಟ್ಟೆಗಳ ಮೇಲೆ 1909ರ ಮಾರ್ಚ್ 30 ಎಂಬ ಪೇಟೆಂಟ್ ದಿನಾಂಕ ಒತ್ತಿರುತ್ತದೆ. ಇನ್ನೊಂದು ದೊಡ್ಡ ಮನೆತನ ಮಾರ್ಟಿನ್. ಜರ್ಮನಿಯಿಂದ ವಲಸೆ ಬಂದು 1833ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದು, ಆಮೇಲೆ ಪೆನ್ಸಿಲ್ವೇನಿಯದ ನಜರೆತ್ ಎಂಬ ಪುಟ್ಟ ಊರಿಗೆ ಹೋಗಿ ನೆಲೆಸಿದವರು. (ವಲಸಿಗರೆಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ, ನಿಮ್ಮದೂ ಆಗಿರಬೇಕು!) ಅವರ ಗಿಟಾರುಗಳಿಗೆ ಈ ತಟ್ಟೆ ಖಾಯಂ ಆದದ್ದು 1930ರ ಹೊತ್ತಿಗೆ. ಕಾರಣ ಮಜವಾಗಿದೆ. ಆಗ ಬ್ಯಾಂಜೊ ಬಾರಿಸುತ್ತಿದ್ದವರು ಗಿಟಾರಿನ ಕಡೆ ಬರುತ್ತಿದ್ದರು. ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕನ ಕೋರಿಕೆಯ ಮೇಲೆ 1929ರಲ್ಲಿ ಮಾರ್ಟಿನ್ ಒಂದು ಹೊಸ ಮಾದರಿಯನ್ನೇ ಮಾಡಿಕೊಟ್ಟಿತು. ಬ್ಯಾಂಜೊದ ಮುಖ ಚರ್ಮದ್ದು, ಹರಿದರೆ ಬದಲಾಯಿಸಬಹುದು. ಅದೇ ಜೋರು ಕೈಯನ್ನು ಸ್ಪ್ರೂಸ್ ಮೇಲೆ ಬಿಟ್ಟರೆ ಬದಲಾಯಿಸುವುದಕ್ಕೆ ಏನೂ ಇಲ್ಲ.

ಇನ್ನು ಆಮೆಚಿಪ್ಪಿನ ವಿಷಯ. ಅದು ಬಂದದ್ದು ಹಾಕ್ಸ್‌ಬಿಲ್ ಎಂಬ, ಗಿಡುಗನ ಕೊಕ್ಕಿನಂಥ ಮೂತಿಯ ಕಡಲಾಮೆಯಿಂದ. ನಮ್ಮ ಲಕ್ಷದ್ವೀಪ, ಅಂಡಮಾನ್ ಕಡಲಲ್ಲೂ ಇದೆ. ಚಿಪ್ಪೆಂದರೆ ನಮ್ಮ ಉಗುರು, ದನದ ಕೊಂಬು ಇದ್ದ ಹಾಗೇ ಕೆರಾಟಿನ್. ಬಿಸಿನೀರಲ್ಲಿ ಮೆತ್ತಗಾಗುತ್ತದೆ, ಬೇಕಾದಂತೆ ಬಾಗುತ್ತದೆ, ಗೀರು ಬಿದ್ದರೆ ನಯವಾದ ಕಲ್ಲುಪುಡಿಗೆ ಎಣ್ಣೆ ಕಲಸಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ಬಾಚಣಿಗೆ, ಕನ್ನಡಕದ ಕಟ್ಟು, ಪೆಟ್ಟಿಗೆ, ಎಲ್ಲಕ್ಕೂ ಅದೇ. ಆಮೆ ಮಾತ್ರ ಮುಗಿಯುತ್ತ ಬಂತು. 1973ರ ವಾಷಿಂಗ್ಟನ್ ಒಪ್ಪಂದದ ನಂತರ ಆ ದಶಕದಲ್ಲೇ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಗಿಟಾರಿನ ಮಟ್ಟಿಗೆ ಆಮೆಯ ಜಾಗಕ್ಕೆ ಬೇರೊಂದು ವಸ್ತು ಅಷ್ಟರಲ್ಲಾಗಲೇ ಬಂದು ಕೂತಿತ್ತು. ಅದೇ ಸೆಲ್ಯುಲಾಯ್ಡ್.

ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ 1862ರ ಲಂಡನ್ ಪ್ರದರ್ಶನದಲ್ಲಿ ಪಾರ್ಕಸೀನ್ ಎಂಬ ವಸ್ತುವನ್ನು ಇಟ್ಟಿದ್ದ. ಅಮೆರಿಕದಲ್ಲಿ ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೆ ವಸ್ತು ಹುಡುಕಿದವರಿಗೆ 10,000 ಡಾಲರ್ ಬಹುಮಾನ ಎಂದು ಪ್ರಕಟಣೆ ಹೊರಟಿತು. ಅದರ ಬೆನ್ನುಹತ್ತಿದ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಪೇಟೆಂಟ್ ಪಡೆದ. ಹತ್ತಿಯಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಅದಕ್ಕೆ ಕರ್ಪೂರ ಸೇರಿಸಿ, ಬಿಸಿ ಮಾಡಿ ಒತ್ತುವುದು. ಹೌದು, ನಮ್ಮ ಮಂಗಳಾರತಿಯ ಕರ್ಪೂರವೇ! ಅದು ಇಲ್ಲದಿದ್ದರೆ ಆ ಮುದ್ದೆ ಬಿರುಸಾಗಿ ಒಡೆಯುತ್ತದೆ, ಸೇರಿದರೆ ಬಾಗುತ್ತದೆ. ಆಗ ಜಗತ್ತಿನ ಕರ್ಪೂರದ ದೊಡ್ಡ ಪಾಲು ಬರುತ್ತಿದ್ದದ್ದು ಫಾರ್ಮೋಸಾದಿಂದ, ಅಂದರೆ ಇಂದಿನ ತೈವಾನಿನಿಂದ. 1899ರಲ್ಲಿ ಅಲ್ಲಿನ ಜಪಾನಿ ಸರ್ಕಾರ ಅದರ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಹಳೆಯ ಸೆಲ್ಯುಲಾಯ್ಡ್ ತಟ್ಟೆಯನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಈಗಲೂ ಸಣ್ಣಗೆ ಕರ್ಪೂರದ ವಾಸನೆ ಬರುವುದುಂಟು. ಗುರುತಿಸಲು ಅದೇ ಸುಲಭದ ದಾರಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲು ಹೋಗಬೇಡಿ. ಕರ್ಪೂರದ ಹಾಗೇ ಅದೂ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹೊತ್ತಿಕೊಳ್ಳುವ ಮಾತು ಬಂದಾಗ ಮುಂಬೈ-ಪುಣೆಯವರಾದ ನಮಗೆ ನೆನಪಾಗಬೇಕಾದದ್ದು ಸಿನಿಮಾ. ಹಳೆಯ ಕಾಲದ ಫಿಲ್ಮಿನ ರೀಲೂ ಇದೇ ನೈಟ್ರೇಟ್ ಕುಟುಂಬದ್ದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ 2003ರ ಜನವರಿಯಲ್ಲಿ ಇಂಥ ರೀಲುಗಳಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ, ಇದೇ ಮಹಾರಾಷ್ಟ್ರದ ನೆಲದಲ್ಲಿ. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಗಿಟಾರಿನ ತಟ್ಟೆಯ ಬಗ್ಗೆ ಓದುತ್ತ ಓದುತ್ತ ಇಲ್ಲಿಗೆ ಬಂದು ಮುಟ್ಟುತ್ತೇನೆಂದು ನಾನು ಎಣಿಸಿರಲಿಲ್ಲ.

ಸಿನಿಮಾದವರಿಂದ ಗೀರಿನ ಬಗ್ಗೆ ಕಲಿಯುವುದೂ ಇದೆ. ಹಳೆಯ ಚಿತ್ರಗಳಲ್ಲಿ ಪರದೆ ತುಂಬ ಮಳೆ ಸುರಿದ ಹಾಗೆ ಗೆರೆಗಳು ಕಾಣುತ್ತವಲ್ಲ, ಅವು ಫಿಲ್ಮಿನ ಮೈಮೇಲಿನ ಗೀರು. ಹೊಸ ಪ್ರತಿ ತೆಗೆಯುವಾಗ ಅದನ್ನು ಮರೆಸಲು ಲ್ಯಾಬಿನವರು ಒಂದು ಉಪಾಯ ಮಾಡಿದರು. ಫಿಲ್ಮನ್ನು ಒಂದು ದ್ರವದಲ್ಲಿ ನೆನೆಸಿಕೊಂಡೇ ಅದರ ಮೂಲಕ ಬೆಳಕು ಹಾಯಿಸುವುದು. ಆ ದ್ರವವೂ ಫಿಲ್ಮೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ, ದ್ರವ ತುಂಬಿಕೊಂಡ ಗೀರು ಬೆಳಕಿನ ಕಣ್ಣಿಗೆ ಇಲ್ಲವೇ ಇಲ್ಲ! ಗೀರು ಅಂದರೆ ಇಷ್ಟೇ. ಅದು ಕಪ್ಪೂ ಅಲ್ಲ ಬಿಳಿಯೂ ಅಲ್ಲ. ಒಂದು ಸಣ್ಣ ಕಾಲುವೆ. ಅದರ ಅಂಚುಗಳಲ್ಲಿ ಬೆಳಕು ಚದುರಿ ನಮಗೆ ಬೆಳ್ಳಗೆ ಕಾಣುತ್ತದೆ. ಕಪ್ಪು ತಟ್ಟೆಯ ಮೇಲೆ ಒದ್ದೆ ಬಟ್ಟೆ ಆಡಿಸಿ ನೋಡಿ, ಗೀರುಗಳೆಲ್ಲ ಮಾಯ. ಒಣಗಿದ ಮೇಲೆ ಮತ್ತೆ ಹಾಜರ್. ಎಣ್ಣೆ, ಮೇಣ ಸವರಿ "ಗೀರು ಹೋಯಿತು" ಅನ್ನುವ ಎಷ್ಟೋ ಸಾಮಾನುಗಳ ಗುಟ್ಟು ಇದೇ.

ನಿಜವಾಗಿ ತೆಗೆಯಬೇಕಾದರೆ ಇರುವುದು ಒಂದೇ ದಾರಿ. ಕಾಲುವೆಯ ಸುತ್ತಲಿನ ನೆಲವನ್ನೆಲ್ಲ ಕಾಲುವೆಯ ತಳದ ಮಟ್ಟಕ್ಕೆ ತವೆಸುವುದು. ಇದನ್ನು ಸ್ಪಷ್ಟವಾಗಿ ಬರೆದಿಟ್ಟವನು ಐಸಾಕ್ ನ್ಯೂಟನ್, 1704ರ ತನ್ನ ಬೆಳಕಿನ ಪುಸ್ತಕದಲ್ಲಿ. ಗಾಜಿಗೆ ಪಾಲಿಶ್ ಮಾಡುವುದೆಂದರೆ ಅದನ್ನು ನಯ ಮಾಡುವುದಲ್ಲ, ದೊಡ್ಡ ಗೀರನ್ನು ಸಣ್ಣ ಗೀರುಗಳಾಗಿ ಒಡೆಯುತ್ತ ಹೋಗುವುದು, ಕೊನೆಗೆ ಅವು ಕಣ್ಣಿಗೆ ಕಾಣದಷ್ಟು ಚಿಕ್ಕವಾಗುತ್ತವೆ ಎಂದು ಅವನ ಮಾತಿನ ಸಾರ. ಆಮೇಲೆ ಬೇರೆಯವರು ಬೇರೆ ಮಾತೂ ಹೇಳಿದರು. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು, ಉಜ್ಜುವಾಗಿನ ಬಿಸಿಗೆ ಮೇಲ್ಮೈ ಕರಗಿ ಹರಿಯುವುದೂ ಪಾಲಿಶಿನ ಒಂದು ಭಾಗ ಎಂದು ತೋರಿಸಿದರು. ಅವರ ಪ್ರಯೋಗದಲ್ಲಿ ಮೆತ್ತನೆಯ ಕರ್ಪೂರ ಕೂಡ ಬೇಗ ಕರಗುವ ಒಂದು ಮಿಶ್ರಲೋಹಕ್ಕೆ ಹೊಳಪು ಕೊಟ್ಟಿತು. ಮತ್ತೆ ಕರ್ಪೂರ ನೋಡಿ! ಲೋಹಗಳ ಮಟ್ಟಿಗೆ ನಂತರದ ವಿಜ್ಞಾನಿಗಳು ಹೆಚ್ಚಾಗಿ ನ್ಯೂಟನ್ನನ ಕಡೆಗೇ ವಾಲಿದರು. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ಬಿಸಿಯ ಮಾತನ್ನು ಮರೆಯುವಂತಿಲ್ಲ. ಡ್ರಿಲ್ಲಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಜೋರಾಗಿ ತಿರುಗಿಸಿದರೆ ತಟ್ಟೆ ಮೆತ್ತಗಾಗಿ ಅಲೆಅಲೆಯಾಗುತ್ತದೆ. ಕೈಯೇ ವಾಸಿ.

ಈಗ ಮನೆಯ ಮಾತಿಗೆ ಬರುತ್ತೇನೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಧಾರವಾಡದಿಂದ ಮುಂಬೈಗೆ ಬಂದವರು. ಹಗಲು ಬ್ಯಾಂಕಿನ ಕೆಲಸ, ರಾತ್ರಿ ಆರ್ಕೆಸ್ಟ್ರಾ. ಎಂಬತ್ತರ ದಶಕದಲ್ಲಿ ಗಣಪತಿಯ ಹತ್ತು ದಿನವೂ ಅವರಿಗೆ ಒಂದಲ್ಲ ಒಂದು ಮಂಟಪದಲ್ಲಿ ಪ್ರೋಗ್ರಾಮು. ಕೊಲ್ಕತ್ತದಲ್ಲಿ ತಯಾರಾದ ಗಿಟಾರು, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಕಪ್ಪು ತಟ್ಟೆ. ಅವರು ತೀರಿಕೊಂಡು ಆರು ವರ್ಷವಾಯಿತು. ಹಾಡು ರೆಕಾರ್ಡು ಮಾಡಿಟ್ಟವರಿಲ್ಲ, ಒಂದು ಕ್ಯಾಸೆಟ್ಟೂ ಇಲ್ಲ. ಗಿಟಾರು ನಮ್ಮ ಮನೆಗೆ ಬಂತು, ಈಗ ನನ್ನ ಮಗಳು ಕಲಿಯುತ್ತಿದ್ದಾಳೆ. ಗೀರು ತೆಗೆಯುವ ಪ್ರಶ್ನೆ ಅವಳದು. ಕಾಲೇಜಿನ ಕಾರ್ಯಕ್ರಮಕ್ಕೆ ಮುಂಚೆ ತಟ್ಟೆ ಪಳಪಳ ಆಗಬೇಕಂತೆ.

ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆವು. ಗೀರುಗಳು ಎರಡು ಜಾತಿ. ಒಂದು, ಮೈತುಂಬ ಜೇಡರ ಬಲೆಯಂತೆ ಹರಡಿದ ಮಬ್ಬು. ಧೂಳಿದ್ದ ಬಟ್ಟೆಯಿಂದ ಒರೆಸಿದ್ದು, ಲೋಕಲ್ ಟ್ರೇನಿನಲ್ಲಿ ಉಜ್ಜಿದ್ದು, ಅಂಥದ್ದು. ಇನ್ನೊಂದು, ತೂತಿನ ಪಕ್ಕ ಅರ್ಧಚಂದ್ರಾಕಾರದಲ್ಲಿ ಒತ್ತೊತ್ತಾಗಿ ಬಿದ್ದ ಓರೆ ಗೆರೆಗಳು. ಎಲ್ಲವೂ ಒಂದೇ ಕೋನದಲ್ಲಿ. ಪುಣೆಯಿಂದ ಬಂದಿದ್ದ ಅಕ್ಕ ಅದರ ಮೇಲೆ ಬೆರಳಾಡಿಸಿ, "ಅವರ ಕೈ ಹಿಂಗs ಬರ್ತಿತ್ತು" ಅಂತ ಗಾಳಿಯಲ್ಲಿ ಒಮ್ಮೆ ಬಾರಿಸಿ ತೋರಿಸಿದಳು. ಆ ಗೆರೆಗಳ ಕೋನಕ್ಕೆ ಸರಿಯಾಗಿತ್ತು. "ಧೂಳಿಂದು ತಗಿ, ಅವರದು ಬಿಡು" ಅಂದಳು. ಮಗಳು ಸುಮ್ಮನಾಗುವವಳಲ್ಲ. "ಹಂಗಾದ್ರ ನನ್ನ ಗೀರು ಎಲ್ಲಿ ಹಾಕ್ಲಿ ದೊಡ್ಡಮ್ಮ?" ಅಂದಳು. ಅಕ್ಕನಿಗೂ ನಗು ಬಂತು. ನನಗಂತೂ ಇಬ್ಬರದೂ ನ್ಯಾಯವೇ ಅನ್ನಿಸಿತು.

ಕೊನೆಗೆ ಮಬ್ಬನ್ನು ಮಾತ್ರ ತೆಗೆದೆವು. ಹೇಗೆಂದು ಕೇಳುವವರಿಗಾಗಿ ಬರೆಯುತ್ತೇನೆ. ಮೊದಲು ತಟ್ಟೆಯ ಮೇಲಿನ ಮರಳು-ಧೂಳು ಹೋಗಬೇಕು, ಇಲ್ಲದಿದ್ದರೆ ಅದನ್ನೇ ತಿಕ್ಕಿ ಹೊಸ ಗೀರು ಹಾಕಿದ ಹಾಗೆ. ಒಂದು ಹನಿ ಸೋಪು ನೀರು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ, ಸಾಕು. ಸ್ಕ್ರೂ ಇದ್ದರೆ ತಟ್ಟೆ ಬಿಚ್ಚಿಕೊಳ್ಳಿ, ಅಂಟಿಸಿದ್ದಾದರೆ ಸುತ್ತಲಿನ ಮರಕ್ಕೆ ಟೇಪು ಹಚ್ಚಿ. ಆಮೇಲೆ ಉಗುರು ಪರೀಕ್ಷೆ. ಗೀರಿನ ಮೇಲೆ ಅಡ್ಡವಾಗಿ ಉಗುರು ಎಳೆದಾಗ ಸಿಕ್ಕಿಕೊಂಡರೆ ಅದು ಆಳದ್ದು, ಪಾಲಿಶಿಗೆ ಬಗ್ಗುವುದಿಲ್ಲ. ಸಿಕ್ಕದಿದ್ದರೆ ಪ್ಲಾಸ್ಟಿಕ್ಕಿಗೆಂದೇ ಬರುವ ನಯವಾದ ಪಾಲಿಶನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಹಗುರ ಕೈಯಲ್ಲಿ, ಸಣ್ಣ ಸುತ್ತಿನಲ್ಲಿ ಉಜ್ಜಿ. ಒಂದು ನಿಮಿಷ ಉಜ್ಜಿ, ಒರೆಸಿ, ನೋಡಿ. ಮತ್ತೆ ಉಜ್ಜಿ. ಟೂತ್‌ಪೇಸ್ಟಿನಲ್ಲೂ ಸುಣ್ಣಕಲ್ಲೋ ಸಿಲಿಕಾವೋ ಇರುವುದರಿಂದ ಅಷ್ಟಿಷ್ಟು ಕೆಲಸ ಮಾಡುತ್ತದೆ, ಆದರೆ ಅಂಚಿನಲ್ಲಿ ಬೆಳ್ಳಗೆ ಕೂತುಬಿಡುತ್ತದೆ. ಆಳದ ಗೀರಿಗೆ ನೀರು ಹಾಕಿ ಉಜ್ಜುವ ನಯವಾದ ಕಾಗದಗಳಿವೆ. ಅವುಗಳಲ್ಲಿ ಮೈಕ್ರೋಮೆಶ್ ಎಂಬುದು ವಿಮಾನದ ಅಕ್ರಿಲಿಕ್ ಕಿಟಕಿಗಳ ಗೀರು ತೆಗೆಯಲು ಬಂದದ್ದು, ಈಗ ಗಿಟಾರು ಮಾಡುವವರ ಮೇಜಿನ ಮೇಲೂ ಇರುತ್ತದೆ.

ನೇಲ್‌ಪಾಲಿಶ್ ತೆಗೆಯುವ ಅಸಿಟೋನು, ಪೇಂಟಿನ ತಿನ್ನರು ಹತ್ತಿರ ತರಲೇಬೇಡಿ. ಸೆಲ್ಯುಲಾಯ್ಡ್ ಅಸಿಟೋನಿನಲ್ಲಿ ಕರಗಿಯೇ ಹೋಗುತ್ತದೆ. ಅಕ್ರಿಲಿಕ್ಕಿಗೆ ಸ್ಪಿರಿಟ್ಟು ತಾಗಿದರೂ ಕೂದಲೆಳೆಯ ಬಿರುಕು ಬಿಡಬಹುದು. ಆಮೆಚಿಪ್ಪಿನ ಮಚ್ಚೆ ಹಳೆಯ ಸೆಲ್ಯುಲಾಯ್ಡಿನಲ್ಲಿ ಹಾಳೆಯ ಆಳಕ್ಕೂ ಇರುತ್ತಿತ್ತು, ಈಗಿನ ಕೆಲವು ಅಗ್ಗದ ತಟ್ಟೆಗಳಲ್ಲಿ ಅದು ಬರಿ ಅಚ್ಚು, ಹೆಚ್ಚು ಉಜ್ಜಿದರೆ ಆಮೆಯೇ ಅಳಿಸಿಹೋಗುತ್ತದೆ. ಗಿಬ್ಸನ್ನಿನವರು 1960ರಲ್ಲಿ ತಂದ ಹಮ್ಮಿಂಗ್‌ಬರ್ಡ್ ಎಂಬ ಗಿಟಾರಿನ ತಟ್ಟೆಯ ಮೇಲೆ ಹಕ್ಕಿ, ಹೂವು ಕೊರೆದು ಬಣ್ಣ ತುಂಬಿದ್ದಾರೆ, ಅದರ ಮೇಲೆ ಪಾಲಿಶು ಆಡಿಸುವ ಮುಂಚೆ ಹತ್ತು ಸಲ ಯೋಚಿಸಿ. ಇನ್ನು ಹೊಸ ಗಿಟಾರಿನವರು ಎಲ್ಲಕ್ಕಿಂತ ಮೊದಲು ಒಂದು ಮೂಲೆಯನ್ನು ಉಗುರಿನಿಂದ ಕೆದಕಿ ನೋಡಿ. ಎಷ್ಟೋ ಜನ ಮೇಲಿನ ತೆಳು ರಕ್ಷಣಾ ಹಾಳೆಯನ್ನು ತೆಗೆದೇ ಇರುವುದಿಲ್ಲ, ಗೀರೆಲ್ಲ ಅದರ ಮೇಲೇ!

ಎಲೆಕ್ಟ್ರಿಕ್ ಗಿಟಾರಿನವರಿಗೆ ಇನ್ನೊಂದು ಕಾಟ. ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ಉಜ್ಜಿದರೆ ಅದರಲ್ಲಿ ಸ್ಥಿರವಿದ್ಯುತ್ತು ಕೂರುತ್ತದೆ, ಕೈ ತಾಗಿದಾಗೆಲ್ಲ ಸ್ಪೀಕರಿನಲ್ಲಿ ಚರಚರ. ಸ್ವಲ್ಪ ಒದ್ದೆ ಬಟ್ಟೆಯಿಂದ ಒರೆಸಿದರೆ ಇಳಿಯುತ್ತದೆ. ಮುಂಬೈ ಮಳೆಗಾಲದಲ್ಲಿ ಆ ಚಿಂತೆ ಇಲ್ಲ, ದೆಹಲಿ ಚಳಿಯವರು ನೆನಪಿಟ್ಟುಕೊಳ್ಳಿ.

ಎಲೆಕ್ಟ್ರಿಕ್ ಅಂದಮೇಲೆ ಫೆಂಡರ್ ಕಂಪನಿಯನ್ನು ಬಿಡುವಂತಿಲ್ಲ. 1950ರ ಅವರ ಗಿಟಾರಿನಲ್ಲಿ ತಟ್ಟೆ ಕಪ್ಪು ಫೈಬರಿನದು. 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಬಂದಾಗ ಒಂದೇ ಪದರದ ಬಿಳಿ ಪ್ಲಾಸ್ಟಿಕ್ಕು, ಎಂಟು ಸ್ಕ್ರೂ. ಅದು ಸೊಟ್ಟಗಾಗುತ್ತಿತ್ತು. 1959ರಲ್ಲಿ ಮೂರು ಪದರದ ಸೆಲ್ಯುಲಾಯ್ಡ್, ಹನ್ನೊಂದು ಸ್ಕ್ರೂ. ಅದು ಕುಗ್ಗಿ ಸ್ಕ್ರೂಗಳ ಬಳಿ ಬಿರಿಯುತ್ತಿತ್ತು, ವರ್ಷ ಕಳೆದಂತೆ ಬಿಳಿ ಹೋಗಿ ತಿಳಿಹಸಿರಾಗುತ್ತಿತ್ತು. 1965ರ ಹೊತ್ತಿಗೆ ಅದನ್ನು ಬಿಟ್ಟು ವಿನೈಲಿಗೆ ಹೋದರು. ತಮಾಷೆ ಎಂದರೆ, ಆ ಹಳಸಿದ ತಿಳಿಹಸಿರು ಬಣ್ಣಕ್ಕೆ ಈಗ 'ಮಿಂಟ್ ಗ್ರೀನ್' ಎಂದು ಹೆಸರಿಟ್ಟು ಹೊಚ್ಚಹೊಸ ತಟ್ಟೆಗಳನ್ನೇ ಮಾರುತ್ತಾರೆ. ಅಷ್ಟೇ ಅಲ್ಲ, 1995ರಲ್ಲಿ ಇದೇ ಫೆಂಡರ್ ಕಾರ್ಖಾನೆಯಲ್ಲೇ ಗೀಚಿ, ತವೆಸಿ, ಹಳತಾಗಿಸಿದ ಗಿಟಾರುಗಳನ್ನು 'ರೆಲಿಕ್' ಎಂದು ಮಾರಲು ಶುರು ಮಾಡಿತು. ಬೆಲೆ ಹೆಚ್ಚು! ನನಗೆ ಈ ಶೋಕಿ ಹಿಡಿಸುವುದಿಲ್ಲ. ಬಾರಿಸದೆ ಬಂದ ಗೀರು ಏನು ಚೆಂದ?

ಬಾರಿಸಿ ಬಂದ ಗೀರು ನೋಡಬೇಕೆಂದರೆ ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ನರ 'ಟ್ರಿಗರ್' ಗಿಟಾರಿನ ಚಿತ್ರ ಹುಡುಕಿ. 1969ರಲ್ಲಿ ಕೊಂಡ ಮಾರ್ಟಿನ್, ನೈಲಾನ್ ತಂತಿಯ ಕ್ಲಾಸಿಕಲ್ ಮಾದರಿ, ಹಾಗಾಗಿ ತಟ್ಟೆಯೇ ಇಲ್ಲ. ಇವರೋ ಕಡ್ಡಿ ಹಿಡಿದು ಬಾರಿಸುವವರು. ಬಾರಿಸಿ ಬಾರಿಸಿ ಮೊದಲಿದ್ದ ದುಂಡು ತೂತಿನ ಪಕ್ಕದಲ್ಲೇ ಮರ ತವೆದು ಇನ್ನೊಂದು ತೂತಾಗಿದೆ. ಕೈಯಗಲ ಪ್ಲಾಸ್ಟಿಕ್ಕು ಏನನ್ನು ತಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ತಟ್ಟೆಯೇ ಮರವನ್ನು ಕೆಡಿಸಿದ್ದೂ ಉಂಟು. ಮಾರ್ಟಿನ್ನಿನವರು ಬಹಳ ವರ್ಷ ಸೆಲ್ಯುಲಾಯ್ಡನ್ನು ನೇರ ಬರಿಮರಕ್ಕೆ ಅಂಟಿಸಿ ಅದರ ಮೇಲೆ ಮೆರುಗೆಣ್ಣೆ ಹಚ್ಚುತ್ತಿದ್ದರು. ಪ್ಲಾಸ್ಟಿಕ್ಕು ಕುಗ್ಗಿದಾಗ ಮರವನ್ನೂ ಜೊತೆಗೆ ಎಳೆದುಕೊಂಡು, ಅಂಚಿನಲ್ಲಿ ಸೀಳು ಬಿಡುತ್ತಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಮೆರುಗೆಣ್ಣೆ ಒಣಗಿದ ಮೇಲೆ ಅಂಟಿಸುವ ಪದ್ಧತಿಗೆ ಬಂದರು. ನಿಮ್ಮ ಹತ್ತಿರ ಹಳೆಯ ಗಿಟಾರಿದ್ದು ತಟ್ಟೆಯ ಅಂಚು ಮೇಲೆದ್ದಿದ್ದರೆ, ಗೀರಿನ ವಿಚಾರ ಪಕ್ಕಕ್ಕಿಟ್ಟು ಮೊದಲು ಅದನ್ನು ಗೊತ್ತಿದ್ದವರಿಗೆ ತೋರಿಸಿ. ಕಿತ್ತು ನೋಡಲು ಹೋದರೆ ಮರದ ಎಳೆಯೂ ಕಿತ್ತುಬರುತ್ತದೆ.

ಆ 1909ರ ದಿನಾಂಕ ಹೊತ್ತ ಗಿಬ್ಸನ್ ತಟ್ಟೆಗಳ ಪಾಡು ಇನ್ನೂ ಕಷ್ಟ. ಸೆಲ್ಯುಲಾಯ್ಡ್ ಹಳತಾದಂತೆ ತನ್ನೊಳಗಿನ ಆಮ್ಲವನ್ನು ತಾನೇ ಹೊರಬಿಡುತ್ತದೆ. ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ಪುಡಿಯಾಗುತ್ತದೆ. ಹೊರಬಿದ್ದ ಆವಿ ಹತ್ತಿರದ ತಂತಿ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ಯಾವ ಪಾಲಿಶೂ ಅದಕ್ಕೆ ಮದ್ದಲ್ಲ. ಅಂಥದ್ದನ್ನು ವಾದ್ಯದಿಂದ ಬೇರೆ ಮಾಡಿ, ಗಾಳಿಯಾಡುವಂತೆ, ತಂಪಾದ ಕಡೆ ಇಡುವುದೇ ವಾಸಿ. ಪುಡಿಯಾಗುವ ಮುಂಚೆ ಅದರ ಕೆಳಗೊಂದು ಕಾಗದ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಸ್ಕ್ರೂ ತೂತುಗಳ ಜಾಗ ಗುರುತು ಮಾಡಿಟ್ಟುಕೊಂಡರೆ ಮುಂದೆ ಅದೇ ಅಳತೆಯಲ್ಲಿ ಹೊಸದು ಕತ್ತರಿಸಬಹುದು.